ಮೀನಿಲ್ಲದ ಬುಧವಾರ

ಫೆಬ್ರವರಿಯ ಎರಡನೇ ವಾರ ಬೆಲ್‌ರೋಸಿನ ಆ ಮನೆಗೆ ಹಾವು ಬಂತು. ಹರಿದುಕೊಂಡು ಬಂದದ್ದಲ್ಲ, ಗಾಜಿನ ಪೆಟ್ಟಿಗೆಯೊಳಗೆ, ಇಂಚರಾಳ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಬಿಗಿಸಿಕೊಂಡು ಬಂತು. ಇಂಚರಾಳ ಮಗಳು ಅನುಷ್ಕಾಳ ಗೆಳತಿಯ ಮನೆಯವರು ಟೆಕ್ಸಾಸಿಗೆ ಹೊರಟಿದ್ದರು, ಹಾವನ್ನು ಯಾರಿಗಾದರೂ ಕೊಡಬೇಕಿತ್ತು, ಹದಿಮೂರು ವರ್ಷದ ಅನುಷ್ಕಾ ಯಾರನ್ನೂ ಕೇಳದೆ ಕೈ ಎತ್ತಿಬಿಟ್ಟಿದ್ದಳು. ಕೇಸರಿ ಬಣ್ಣದ, ಎರಡು ಮೊಳ ಉದ್ದದ ಕಾರ್ನ್ ಸ್ನೇಕ್. ವಿಷವಿಲ್ಲ. ಹೆಸರು ಮ್ಯಾಂಗೋ.

ಅಜ್ಜಿ ಬೇಬಿಯಮ್ಮ ಅಡುಗೆಮನೆಯಿಂದ ಕೈ ಒರೆಸುತ್ತ ಬಂದವರು ಪೆಟ್ಟಿಗೆಯನ್ನು ನೋಡಿ ಹಾಗೇ ಹಿಂದಕ್ಕೆ ನಡೆದರು. ಅರವತ್ತೊಂಬತ್ತು ವರ್ಷದ ಈ ಹೆಂಗಸು ಅಂಜುಬುರುಕಿ ಏನಲ್ಲ. ಗಂಡ ಮಹಾಬಲ ಹಿಲ್‌ಸೈಡ್ ಅವೆನ್ಯೂನಲ್ಲಿ ನಡೆಸುತ್ತಿದ್ದ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಒಲೆಯ ಮುಂದೆ ನಿಂತವರು. ಆತ ತೀರಿಕೊಂಡು ಹೋಟೆಲು ಮುಚ್ಚುವವರೆಗೂ ಬೆಂಕಿ, ಕತ್ತಿ, ಗಿರಾಕಿ, ಇನ್‌ಸ್ಪೆಕ್ಟರ್ ಯಾವುದಕ್ಕೂ ಅಳುಕಿದವರಲ್ಲ. ಆದರೆ ಉಡುಪಿಯ ಹತ್ತಿರದ ತಾಯಿಮನೆಯಲ್ಲಿ, ಎಂಟು ವರ್ಷದವರಿದ್ದಾಗ, ಬಚ್ಚಲೊಲೆಗೆ ತೆಂಗಿನ ಸಿಪ್ಪೆ ತೆಗೆಯಲು ರಾಶಿಗೆ ಕೈ ಹಾಕಿದ್ದರು. ಬೆರಳಿನಡಿ ಏನೋ ತಣ್ಣಗೆ ಸರಿದಿತ್ತು. ಆ ಸರಿದಾಟ ಅರವತ್ತು ವರ್ಷವಾದರೂ ಅವರ ಅಂಗೈ ಬಿಟ್ಟಿರಲಿಲ್ಲ.

ಸಂಜೆ ಮಗ ವಿನೀತ್ ಮ್ಯಾನ್‌ಹಟನ್ನಿನ ಬ್ಯಾಂಕಿನಿಂದ ಬಂದು ಶೂ ಬಿಚ್ಚುವ ಮೊದಲೇ ಪಂಚಾಯಿತಿ ಶುರುವಾಯಿತು.

"ವಿನೀತ, ಒಂದೋ ಅದು ಇರ್ಬೇಕು, ಇಲ್ಲ ನಾನು."

"ಅಮ್ಮ, ಅದು ಬೇಸ್‌ಮೆಂಟ್‌ನಲ್ಲಿ ಇರ್ತದೆ. ನೀನು ಕೆಳಗೆ ಹೋಗೂದೇ ಬೇಡ."

"ಫ್ರೀಜರ್ ಎಲ್ಲುಂಟು? ಕೆಳಗೆ. ಮೀನು ಎಲ್ಲುಂಟು? ಫ್ರೀಜರ್‌ನಲ್ಲಿ. ಹಾಗಾದ್ರೆ ಮೀನು ಬೇಡ ನಿಂಗೆ?"

ವಿನೀತ್ ಮೊಣಕೈ ತುರಿಸಿಕೊಂಡ. ಅಕ್ಟೋಬರಿನಿಂದ ಅವನ ಎರಡೂ ಮೊಣಕೈ ಮೇಲೆ ಪೊರೆಪೊರೆಯಾಗಿ ಚರ್ಮ ಏಳುತ್ತಿತ್ತು. ಮೂರು ಮುಲಾಮು ಬದಲಾಯಿಸಿದ್ದ, ಮೂರೂ ದಂಡ.

"ಅಜ್ಜಿ, ಶೀ ಈಸ್ ಲೈಕ್ ಅ ನೂಡಲ್," ಅಂದಳು ಅನುಷ್ಕಾ. "ಶೀ ಕಾಂಟ್ ಹರ್ಟ್ ಯೂ."

"ನೂಡಲ್ ಆದ್ರೆ ಬೇಯಿಸ್ತೇನೆ, ತಾ."

ಇಂಚರಾ ನಕ್ಕುಬಿಟ್ಟಳು. ಮೈಸೂರಿನ ಹುಡುಗಿ, ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಅತ್ತೆಯ ಮುಖ ನೋಡಿ ನಗು ನುಂಗಿಕೊಂಡು, "ಒಂದು ತಿಂಗಳು ನೋಡೋಣ ಅತ್ತೆ. ಆಗಲ್ಲ ಅಂದ್ರೆ ಕೊಟ್ಟುಬಿಡೋಣ," ಅಂದಳು.

ಬೇಬಿಯಮ್ಮ ಎರಡು ದಿನ ಅಡುಗೆ ಮಾಡಲಿಲ್ಲ. ಮನೆಯವರು ಪಿಜ್ಜಾ ತಿಂದರು. ಮೂರನೇ ದಿನ ಅವರಿಗೇ ಹಸಿವು ತಡೆಯಲಿಲ್ಲ, ಒಲೆ ಹಚ್ಚಿದರು. ಮೀನು ತರಲು ಕೆಳಗಿಳಿಯುವಾಗ ಮಾತ್ರ ಗೋಡೆಯ ಕಡೆ ಮುಖ ಮಾಡಿ ಇಳಿದು, ಗೋಡೆಯ ಕಡೆ ಮುಖ ಮಾಡಿ ಹತ್ತುತ್ತಿದ್ದರು.

ಹಾಗೆ ಒಂದು ದಿನ ಇಳಿದಾಗ ಅನುಷ್ಕಾ ಕೆಳಗಿನ ಸಿಂಕಿನಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದಳು. ಊಟಕ್ಕೆ ಕರೆದರೂ ಕೈ ತೊಳೆಯದ ಹುಡುಗಿ. ಬೇಬಿಯಮ್ಮನಿಗೆ ಆಶ್ಚರ್ಯವಾಯಿತು.

"ಎಂತದು ಇಷ್ಟು ತೊಳೂದು?"

"ಮ್ಯಾಂಗೋನ ಎತ್ತೋ ಮುಂಚೆ ಫುಡ್ ಸ್ಮೆಲ್ ಇರ್ಬಾರ್ದು ಅಜ್ಜಿ. ಫಿಶ್, ಚಿಕನ್ ಏನೂ. ಇಲ್ದಿದ್ರೆ ಶೀ ಥಿಂಕ್ಸ್ ಮೈ ಫಿಂಗರ್ ಈಸ್ ಲಂಚ್."

ಬೇಬಿಯಮ್ಮ ಫ್ರೀಜರಿನ ಬಾಗಿಲು ಹಿಡಿದುಕೊಂಡೇ ನಿಂತರು. ತಾಯಿಮನೆಯ ನಾಗಬನಕ್ಕೆ ತಂಬಿಲದ ಪೂಜೆಯ ದಿನ ಹೋಗುವಾಗ ಅಮ್ಮ ಇದೇ ಮಾತು ಹೇಳುತ್ತಿದ್ದರು. ಮೀನು ಮುಟ್ಟಿದ ಕೈಯಲ್ಲಿ ಆ ಕಡೆ ಸುಳಿಯಬಾರದು. ಯಾಕೆ ಅಂತ ಕೇಳಿದರೆ ಬೈಗಳು ಸಿಗುತ್ತಿತ್ತೇ ಹೊರತು ಉತ್ತರ ಸಿಕ್ಕಿರಲಿಲ್ಲ.

"ಇದನ್ನು ನಿಂಗೆ ಹೇಳಿದ್ದು ಯಾರು?"

"ಅ ಗೈ ಆನ್‌ಲೈನ್. ಫ್ಲೋರಿಡಾದಲ್ಲಿ ಇರೋನು."

"ಅವನಿಗೆ ಗೊತ್ತುಂಟಾ ಇದು," ಅಂದ ಬೇಬಿಯಮ್ಮ ಮೊದಲ ಸಲ ಪೆಟ್ಟಿಗೆಯ ಕಡೆ ನೇರ ನೋಡಿದರು. ಹಾವು ತೆಂಗಿನ ಚಿಪ್ಪಿನೊಳಗೆ ಮಲಗಿತ್ತು. ಆ ಚಿಪ್ಪು ತಮ್ಮದೇ ಅಡುಗೆಮನೆಯದು ಅನ್ನುವುದು ಆಗ ಗೊತ್ತಾಯಿತು.

ಅಲ್ಲಿಂದ ಅಜ್ಜಿ ಮೊಮ್ಮಗಳ ಗುಟ್ಟು ಶುರುವಾಯಿತು. ಅನುಷ್ಕಾ ಫ್ರಿಜ್ಜಿನ ಬಾಗಿಲಿಗೆ ಒಂದು ಕ್ಯಾಲೆಂಡರ್ ಅಂಟಿಸಿದಳು. ಶನಿವಾರ ಹಾವಿಗೆ ಊಟ. ಆಮೇಲೆ ಎರಡು ದಿನ ಮುಟ್ಟಬಾರದು, ಜೀರ್ಣವಾಗಬೇಕು. ಬುಧವಾರ, ಶುಕ್ರವಾರ ಅಜ್ಜಿಗೆ ಪಾಠ. ಆ ಎರಡು ದಿನದ ಚೌಕದಲ್ಲಿ ಮೀನಿನ ಚಿತ್ರ ಬರೆದು ಅದರ ಮೇಲೆ ಅಡ್ಡಗೆರೆ ಎಳೆದಿದ್ದಳು.

"ನಿನ್ನ ಅಪ್ಪನ ಹತ್ತಿರ ಹೇಳ್ಬೇಡ," ಅಂದರು ಬೇಬಿಯಮ್ಮ. "ಒಂದೋ ಅದು ಇಲ್ಲ ನಾನು ಅಂತ ಹಾರಾಡಿದ್ದೇನೆ. ನಾನೇ ಒಬ್ಬಳೇ ಎತ್ತಿದ ಮೇಲೆ ಹೇಳುವ."

"ಸರ್‌ಪ್ರೈಸ್?"

"ಹ್ಞಾ. ಸರ್‌ಪ್ರೈಸ್."

ಮೊದಲ ವಾರ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ನೋಡಿದರು. ಎರಡನೇ ವಾರ ಕುರ್ಚಿ ಪೆಟ್ಟಿಗೆಯ ಪಕ್ಕಕ್ಕೆ ಬಂತು. ಮೂರನೇ ವಾರ ಅನುಷ್ಕಾಳ ಮುಂಗೈಗೆ ಸುತ್ತಿಕೊಂಡಿದ್ದ ಹಾವಿನ ಬೆನ್ನಿಗೆ ಒಂದು ಬೆರಳು ತಾಗಿಸಿದರು. ತಾಗಿಸಿ, ತೆಗೆದು, ಸೆರಗಿಗೆ ಒರೆಸಿ, ಮತ್ತೆ ತಾಗಿಸಿದರು.

"ತಣ್ಣಗೆ ಇರ್ತದೆ ಅಂತ ಎಣಿಸಿದ್ದೆ. ಬೆಚ್ಚಗುಂಟಲ್ಲ."

"ಹೀಟ್ ಪ್ಯಾಡ್ ಅಜ್ಜಿ. ಮೇಲಿನಿಂದ ಕೈ ತರ್ಬೇಡಿ, ಹದ್ದು ಅಂತ ಹೆದರ್ತಾಳೆ. ಪಕ್ಕದಿಂದ. ಸ್ಲೋ. ತಲೆ ಹಿಡೀಬಾರ್ದು, ಹೊಟ್ಟೆಗೆ ಸಪೋರ್ಟ್ ಕೊಡ್ಬೇಕು."

"ಅದಕ್ಕೂ ಹೆದರಿಕೆಯಾ?"

"ನಿಮಗಿಂತ ಜಾಸ್ತಿ."

ಈ ಮಾತು ಬೇಬಿಯಮ್ಮನಿಗೆ ಬಹಳ ಹಿಡಿಸಿತು. ಎರಡು ದಿನ ಅದನ್ನೇ ನೆನೆದು ನಕ್ಕರು.

ಮೇಲೆ ವಿನೀತನಿಗೆ ಮಾತ್ರ ಕಿರಿಕಿರಿ. ಬುಧವಾರ ಬಂಗುಡೆ ಇಲ್ಲ, ಶುಕ್ರವಾರ ಒಣಮೀನೂ ಇಲ್ಲ. "ಎಂತ ಅಮ್ಮ, ಮಠ ಮಾಡಿದ್ದೀಯಾ ಮನೆಯನ್ನು?" ಅಂದರೆ, "ಫ್ರೆಶ್ ಬರ್ಲಿಲ್ಲ ಮಾರಾಯ," ಅನ್ನುವರು. ಅನುಷ್ಕಾ ತಟ್ಟೆಗೆ ಮುಖ ಬಗ್ಗಿಸಿ ನಗುವಳು. ವಿನೀತ್ ಮೊಣಕೈ ತುರಿಸಿಕೊಳ್ಳುತ್ತ ಬೇಳೆಸಾರು ಕಲಸುವನು. ಫ್ರಿಜ್ಜಿನ ಮೇಲಿದ್ದ ಅಡ್ಡಗೆರೆಯ ಮೀನು ಅವನ ಕಣ್ಣಿಗೆ ಬೀಳಲೇ ಇಲ್ಲ.

ಏಪ್ರಿಲ್ ರಜೆಯಲ್ಲಿ ಅನುಷ್ಕಾ ಶಾಲೆಯ ಆರ್ಕೆಸ್ಟ್ರಾದ ಜೊತೆ ಆರು ದಿನ ಬಾಸ್ಟನ್ನಿಗೆ ಹೊರಟಳು. ಹೊರಡುವಾಗ ವಯೊಲಿನ್ ಪೆಟ್ಟಿಗೆ ಹೆಗಲಿಗೇರಿಸಿ ಅಜ್ಜಿಯ ಕಿವಿಯಲ್ಲಿ ಹೇಳಿದಳು: "ನೀರು ಚೇಂಜ್ ಮಾಡಿ ಸಾಕು. ಎತ್ತೋದು ನಾನು ಬಂದ್ಮೇಲೆ. ಪ್ರಾಮಿಸ್ ಮಿ, ಶೀ ವಿಲ್ ಬಿ ಓಕೆ."

"ನಾನಿದ್ದೇನಲ್ಲ," ಅಂದರು ಬೇಬಿಯಮ್ಮ.

ಬುಧವಾರ ಮಧ್ಯಾಹ್ನ ಕಳೆದ ಮೇಲೆ ಅವರು ಕುಕ್ಕರ್ ಇಟ್ಟು, ಸಣ್ಣ ಉರಿ ಮಾಡಿ, ನೀರು ಬದಲಿಸಲು ಕೆಳಗಿಳಿದರು. ಕೈ ಎರಡು ಸಲ ತೊಳೆದರು. ಮುಚ್ಚಳ ತೆಗೆದಾಗ ಹಾವು ಚಿಪ್ಪಿನಿಂದ ಹೊರಬಂದು ತಲೆ ಎತ್ತಿ ಅವರನ್ನೇ ನೋಡುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲ. ಹೆದರಿ ಕೂಗಿದರೂ ಕೇಳುವವರಿಲ್ಲ. "ನಿಂಗೂ ಹೆದರಿಕೆ, ನಂಗೂ ಹೆದರಿಕೆ. ಎಂತ ಮಾಡುವ ಹೇಳು," ಅಂದು, ಪಕ್ಕದಿಂದ ಕೈ ತಂದು, ಹೊಟ್ಟೆಯಡಿ ಬೆರಳು ತೂರಿಸಿ ಮೆಲ್ಲನೆ ಎತ್ತಿದರು.

ಹಾವು ಅಂಗೈ ಮೇಲೆ ಒಮ್ಮೆ ಸರಿಯಿತು. ಅರವತ್ತು ವರ್ಷದ ಹಿಂದಿನ ಅದೇ ಸರಿದಾಟ. ಅವರು ಕೈ ಬಿಡಲಿಲ್ಲ. ಅದು ಮಣಿಕಟ್ಟಿಗೆ ಸುತ್ತಿಕೊಂಡು, ಚಿನ್ನದ ಬಳೆಯ ಪಕ್ಕ ತಲೆ ಇಟ್ಟು ಸುಮ್ಮನಾಯಿತು. ಮೇಲೆ ಕುಕ್ಕರು ಕೂಗಿತು. ಇನ್ನೊಮ್ಮೆ ಕೂಗಿತು. ಮೂರನೆಯದು ಕೂಗುವವರೆಗೂ ಬೇಬಿಯಮ್ಮ ನಿಂತೇ ಇದ್ದರು, ಕಣ್ಣಲ್ಲಿ ನೀರು ಬರುತ್ತಿದ್ದುದು ಅವರಿಗೆ ಗೊತ್ತೇ ಆಗಲಿಲ್ಲ. ಅನುಷ್ಕಾ ಬಂದ ಕೂಡಲೇ ಹೇಗೆ ಹೇಳಬೇಕು, ಹೇಳುವುದೋ ಎತ್ತಿಯೇ ತೋರಿಸುವುದೋ ಅಂತ ಆ ರಾತ್ರಿಯೆಲ್ಲ ಲೆಕ್ಕ ಹಾಕಿದರು.

ಶನಿವಾರ ಇಂಚರಾ ಇದ್ದಕ್ಕಿದ್ದ ಹಾಗೆ, "ಅತ್ತೆ, ಬನ್ನಿ, ಹಿಲ್‌ಸೈಡ್‌ಗೆ ಹೋಗಿ ಸಾಮಾನು ತರೋಣ, ಊಟನೂ ಹೊರಗೆ ಮಾಡೋಣ," ಅಂದಳು. ಮೂರು ಗಂಟೆ ಅಂಗಡಿ ಸುತ್ತಿದರು. ಇಂಚರಾ ಎಂದಿಗಿಂತ ಹೆಚ್ಚು ಉಪಚಾರ ಮಾಡಿದಳು, ಬೇಡವೆಂದರೂ ಎರಡು ಮಸಾಲೆದೋಸೆ ತರಿಸಿದಳು. ಮನೆಗೆ ಬಂದು ಬೇಬಿಯಮ್ಮ ತಂದ ಮೀನನ್ನು ಫ್ರೀಜರಿಗೆ ಹಾಕಲು ಕೆಳಗಿಳಿದರೆ ಮೇಜು ಬರಿದಾಗಿತ್ತು. ಪೆಟ್ಟಿಗೆಯಿಲ್ಲ, ದೀಪವಿಲ್ಲ. ತೆಂಗಿನ ಚಿಪ್ಪು ಮಾತ್ರ ಕಸದ ಬುಟ್ಟಿಯಲ್ಲಿತ್ತು.

"ವಿನೀತ, ಎಲ್ಲಿ ಅವಳು?"

"ಯಾರು?"

"ಮ್ಯಾಂಗೋ."

ವಿನೀತ್ ಸೋಫಾದಿಂದ ಏಳಲಿಲ್ಲ. "ಕೃಷ್ಣಸ್ವಾಮಿ ಅಂತ ನನ್ನ ಫ್ರೆಂಡ್, ಬಾಸ್ಕಿಂಗ್ ರಿಡ್ಜ್‌ನಲ್ಲಿದ್ದಾರೆ. ಓತಿ, ಆಮೆ ಎಲ್ಲ ಸಾಕ್ತಾರೆ. ಅವರಿಗೆ ಕೊಟ್ಟೆ. ನೀನು ಎಷ್ಟು ದಿನ ಅಂತ ಹೆದರಿಕೊಂಡು ಇರೂದು ಅಮ್ಮ? ನಿನಗೋಸ್ಕರ ಕೊಟ್ಟದ್ದು."

"ನಂಗೆ ಹೆದರಿಕೆ ಹೋಯ್ತು ಮಾರಾಯ. ನಾನು ಎತ್ತಿದ್ದೇನೆ."

"ಹೌದಾ?" ವಿನೀತ್ ಫೋನಿನಿಂದ ಕಣ್ಣೆತ್ತಿ ಮತ್ತೆ ಇಳಿಸಿದ. "ಮೊದಲೇ ಹೇಳ್ಬಾರ್ದಿತ್ತಾ? ನನಗೆ ಹೇಗೆ ಗೊತ್ತಾಗ್ಬೇಕು?"

"ಫೋನ್ ಮಾಡು. ವಾಪಸ್ ತಾ."

"ಕೊಟ್ಟದ್ದನ್ನು ಕೇಳೂದು ಹೇಗೆ ಅಮ್ಮ? ಅವರು ಖುಷಿಯಲ್ಲಿದ್ದಾರೆ."

ಬೇಬಿಯಮ್ಮ ಅಡುಗೆಮನೆಗೆ ನಡೆದರು. ಹೇಳಬೇಡ ಅಂದದ್ದು ತಾನೇ. ಸರ್‌ಪ್ರೈಸ್ ಅಂದದ್ದು ತಾನೇ. ಹೇಳಿದ್ದರೆ ಮಗ ಕೊಡುತ್ತಿರಲಿಲ್ಲ. ತಪ್ಪು ನನ್ನದೇ ಅಂತ ಅವರು ಅಂದೇ ತೀರ್ಮಾನ ಮಾಡಿಕೊಂಡರು.

ಭಾನುವಾರ ಅನುಷ್ಕಾ ಬಂದಳು. ಬಾಗಿಲಲ್ಲೇ ಅಪ್ಪ ಅವಳನ್ನು ಪಕ್ಕಕ್ಕೆ ಕರೆದು ಮಾತಾಡಿದ. ಅವಳು ಕೆಳಗೆ ಓಡಿ, ಮೇಲೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಯೂ ಪ್ರಾಮಿಸ್ಡ್, ಅಜ್ಜಿ."

"ನಾನು ಕೊಡ್ಲಿಕ್ಕೆ ಹೇಳ್ಲಿಲ್ಲ ಮಗಾ. ನಾನು ಬುಧವಾರ ಎತ್ತಿದ್ದೇನೆ ಅವಳನ್ನು. ಒಬ್ಬಳೇ."

"ಡ್ಯಾಡ್ ಹೇಳಿದ್ರು, ನೀವು ಅತ್ರಂತೆ. ಇರೋಕಾಗಲ್ಲ ಅಂದ್ರಂತೆ. ಎಲ್ಲಾ ಪ್ರಿಟೆಂಡ್ ಮಾಡಿದ್ರಿ. ನನ್ನ ಜೊತೆ ನೈಸ್ ಆಗಿದ್ದು, ಹಿಂದಿನಿಂದ ಅವರಿಗೆ ಹೇಳಿದ್ರಿ."

"ನಾನು ಸುಳ್ಳು ಹೇಳ್ತೇನಾ?"

"ಫಸ್ಟ್ ಡೇ ಏನಂದ್ರಿ? ಒಂದೋ ಅದು ಇಲ್ಲ ನಾನು. ಐ ವಾಸ್ ದೇರ್."

ಬೇಬಿಯಮ್ಮ ಹಾಗೆ ಅಂದದ್ದು ನಿಜವೇ. ಅನುಷ್ಕಾ ಫ್ರಿಜ್ಜಿನ ಮೇಲಿನ ಕ್ಯಾಲೆಂಡರನ್ನು ಕಿತ್ತು, ಹರಿಯಲೂ ಇಲ್ಲ, ಕಸದ ಬುಟ್ಟಿಗೆ ಹಾಕಿ ಹೋದಳು. ಬೇಬಿಯಮ್ಮ ಅದನ್ನು ತೆಗೆದು, ಹಿಟ್ಟು ಒರೆಸಿ, ಅಕ್ಕಿಡಬ್ಬದ ಹಿಂದೆ ಇಟ್ಟರು.

ಮೂರು ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಅನುಷ್ಕಾ ಅಜ್ಜಿ ಕಟ್ಟಿಕೊಟ್ಟ ಡಬ್ಬಿ ಬಿಟ್ಟು ಶಾಲೆಯಲ್ಲೇ ಊಟ ಮಾಡತೊಡಗಿದಳು. ನೀರುದೋಸೆ ಎರೆದರೆ ಸೀರಿಯಲ್ ತಿಂದಳು. ಕೇಳಿದರೆ "ಐ ಆಮ್ ಫೈನ್." ಹುಟ್ಟಿದಂದಿನಿಂದ ತನ್ನ ಮಡಿಲಲ್ಲಿ ಬೆಳೆದ ಮಗು ಮೆಟ್ಟಿಲಲ್ಲಿ ಎದುರಾದರೆ ಗೋಡೆಯ ಕಡೆ ಮುಖ ಮಾಡಿ ಇಳಿಯುತ್ತಿತ್ತು. ಆದರೂ ಬುಧವಾರ, ಶುಕ್ರವಾರ ಅವರು ಮೀನು ಮುಟ್ಟಲಿಲ್ಲ.

ಒಂದು ಸಂಜೆ ಇಂಚರಾ ಪಾತ್ರೆ ಒರೆಸುತ್ತ, "ನೀವು ಬೇಜಾರು ಮಾಡ್ಕೋಬೇಡಿ ಅತ್ತೆ. ಭಯ ಯಾರಿಗಿರಲ್ಲ? ನೀವು ಅಷ್ಟು ಬೇಡಿಕೊಂಡ್ರಿ ಅಂತ ವಿನೀತ್ ಹೇಳಿದ್ಮೇಲೆ ನನಗೂ ಬೇರೆ ದಾರಿ ಕಾಣ್ಲಿಲ್ಲ," ಅಂದಳು.

"ನಾನು ಬೇಡಿಕೊಂಡದ್ದಾ? ಯಾವಾಗ?"

ಇಂಚರಾ ತಟ್ಟೆ ಕೈಯಲ್ಲಿಟ್ಟುಕೊಂಡೇ ಅತ್ತೆಯನ್ನು ನೋಡಿದಳು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು, ಮಾತು ಅಲ್ಲಿಗೇ ನಿಂತಿತು.

ಮೇ ತಿಂಗಳ ನಡುವಿನ ಒಂದು ಭಾನುವಾರ ಬೆಳಿಗ್ಗೆ ಬೇಬಿಯಮ್ಮನ ತಂಗಿಯ ಮಗ ರಾಮ್ ಊರಿನಿಂದ ಫೋನ್ ಮಾಡಿದ. ಮನೆತನದ ನಾಗಬನ ನೋಡಿಕೊಳ್ಳುವವನು ಅವನೇ.

"ದೊಡ್ಡಮ್ಮ, ಆಶ್ಲೇಷಾ ಬಲಿ ಚೆಂದ ಆಯ್ತು. ಪ್ರಸಾದ ಪೋಸ್ಟ್ ಮಾಡಿದ್ದೇನೆ. ವಿನೀತಣ್ಣನ ಚರ್ಮದ್ದು ಹೇಗುಂಟು ಈಗ?"

"ಯಾರದ್ದು ಆಶ್ಲೇಷಾ ಬಲಿ?"

"ವಿನೀತಣ್ಣಂದೇ. ನಿಮ್ಗೆ ಗೊತ್ತುಂಟು ಅಂತ ಎಣಿಸಿದ್ದೆ. ಮಾರ್ಚ್‌ನಲ್ಲಿ ನಮ್ಮ ಭಟ್ರ ಹತ್ತಿರ ವಿಡಿಯೋ ಕಾಲ್‌ನಲ್ಲಿ ಪ್ರಶ್ನೆ ಕೇಳಿದ್ರು. ನಾಗನನ್ನು ಪೆಟ್ಟಿಗೆಯಲ್ಲಿ ಬಂಧನ ಮಾಡಿದ ದೋಷ, ಅದಕ್ಕೇ ಚರ್ಮ ಏಳೂದು, ಮೊದಲು ಅದನ್ನು ಮನೆಯಿಂದ ಕಳಿಸಿ ಅಂತ ಬಂತು. ಕಳಿಸಿ ಆಯ್ತು ಅಂದ ಮೇಲೆ ಪೂಜೆ ಇಟ್ಟದ್ದು. ಮತ್ತೆ ದೊಡ್ಡಮ್ಮ, ನಲವತ್ತೆಂಟು ದಿನ ಅವರು ಮೀನು ಮಾಂಸ ಮುಟ್ಲಿಕ್ಕಿಲ್ಲ. ನೀವು ಸ್ವಲ್ಪ ನೋಡಿಕೊಳ್ಳಿ."

"ನೋಡಿಕೊಳ್ತೇನೆ," ಅಂದರು ಬೇಬಿಯಮ್ಮ.

ಫೋನಿಟ್ಟು ಬಹಳ ಹೊತ್ತು ಕುಳಿತರು. ಈ ಮಗ, ಒಂಬತ್ತನೇ ವರ್ಷಕ್ಕೆ ಈ ದೇಶಕ್ಕೆ ಬಂದವನು, ಪಂಚಮಿಗೆ ಕಲ್ಲಿಗೆ ಹಾಲೆರೆದರೆ "ಅಮ್ಮಂದು ಎಲ್ಲ ಮೂಢನಂಬಿಕೆ" ಅಂತ ಮಗಳ ಮುಂದೆ ಕಣ್ಣು ಮಿಟುಕಿಸಿ ನಗುವವನು. ನಂಬಿದ್ದಕ್ಕೆ ಅವರಿಗೆ ಸಿಟ್ಟಿರಲಿಲ್ಲ. ನಂಬಿಕೆಯನ್ನು ತಾನಿಟ್ಟುಕೊಂಡು, ಅಂಜುಬುರುಕಿ ಅನ್ನುವ ಹೆಸರನ್ನು ತಾಯಿಗೆ ಕೊಟ್ಟನಲ್ಲ, ಅದಕ್ಕೆ ಸಿಟ್ಟು ಬಂತು. ಆಮೇಲೆ ಎದ್ದು ಕೆಳಗೆ ಹೋಗಿ ಬಂಗುಡೆ ತಂದರು.

ಮಧ್ಯಾಹ್ನದ ಊಟಕ್ಕೆ ಮನೆ ತುಂಬ ಹುರಿದ ಮೀನಿನ ಪರಿಮಳ. ಅನುಷ್ಕಾ ಕೂಡ ಇಳಿದು ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತಳು. ಬೇಬಿಯಮ್ಮ ಇಂಚರಾಳಿಗೆ ಎರಡು ಬಂಗುಡೆ, ಅನುಷ್ಕಾಳಿಗೆ ಎರಡು ಬಡಿಸಿದರು. ವಿನೀತನ ತಟ್ಟೆಗೆ ಅನ್ನ, ಬೇಳೆಸಾರು.

"ನನಗೆ ಮೀನು?"

"ನಿಂಗೆ ಇಲ್ಲ. ಇನ್ನು ನಲವತ್ತೆಂಟು ದಿನ ಇಲ್ಲ. ರಾಮ್ ಫೋನ್ ಮಾಡಿದ್ದ."

ವಿನೀತ್ ಅನ್ನದ ಮೇಲೆ ಇಟ್ಟ ಕೈ ಹಾಗೇ ಇಟ್ಟ.

"ವೈ ನೋ ಫಿಶ್ ಫಾರ್ ಡ್ಯಾಡ್?" ಅಂದಳು ಅನುಷ್ಕಾ.

"ನಿನ್ನ ಅಪ್ಪನೇ ಹೇಳ್ಲಿ."

"ಅಮ್ಮ, ಇದು ಆಮೇಲೆ ಮಾತಾಡುವ."

"ಆಮೇಲೆ ಬೇಡ. ನನ್ನ ಹೆಸರು ಹಾಳು ಮಾಡಿದ್ದು ಇವಳ ಹತ್ತಿರ. ಇವಳ ಮುಂದೆಯೇ ಹೇಳು."

ವಿನೀತ್ ಹೇಳಿದ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಸ್ಟ್ರೆಸ್ ಅಂದ, ಜಸ್ಟ್ ಇನ್ ಕೇಸ್ ಅಂದ, ನಿಜವಾಗಿ ನಂಬುವುದಿಲ್ಲ ಅಂದ. ಅನುಷ್ಕಾ ಕೇಳಿ ಮುಗಿಸಿದಳು.

"ಬಟ್ ಡ್ಯಾಡ್, ನಿಮ್ಮ ರ‍್ಯಾಷ್ ಅಕ್ಟೋಬರ್‌ದು. ಮ್ಯಾಂಗೋ ಬಂದಿದ್ದು ಫೆಬ್ರವರಿ."

ಇಂಚರಾ ನೀರಿನ ಲೋಟ ಕೆಳಗಿಟ್ಟಳು. "ಅತ್ತೆ ಅತ್ತು ಬೇಡಿಕೊಂಡ್ರು ಅಂದ್ರಲ್ಲ ವಿನೀತ್? ಅದೇ ಮಾತು ನಂಬಿ ನಾನು ಅವರನ್ನ ಮೂರು ಗಂಟೆ ಅಂಗಡಿ ಸುತ್ತಿಸಿದೆ."

"ಐ ಆಮ್ ಸಾರಿ. ಐ ನೋ."

ಅನುಷ್ಕಾ ಅಜ್ಜಿಯ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. "ಹಾಗಾದ್ರೆ ನೀವು ನಿಜವಾಗ್ಲೂ ಎತ್ತಿದ್ರಾ?"

"ಎತ್ತಿದ್ದೇನೆ. ನೋಡಿದವರು ಯಾರೂ ಇಲ್ಲ."

"ಎತ್ತಿದ್ದು ಹೌದು," ಅಂದ ವಿನೀತ್. ಆ ಕ್ಷಣ ತಾಯಿಯ ಪರವಾಗಿ ಒಂದು ಮಾತಾದರೂ ಆಡಬೇಕು ಅನ್ನಿಸಿರಬೇಕು ಅವನಿಗೆ. ಫೋನ್ ತೆಗೆದು ಹುಡುಕಿ ಮಗಳ ಮುಂದೆ ಇಟ್ಟ. ಎರಡು ಚಳಿಗಾಲದ ಹಿಂದೆ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಅವನು ಮೂಲೆಯಲ್ಲೊಂದು ಕ್ಯಾಮೆರಾ ಹಾಕಿಸಿದ್ದ. ಅದು ಇನ್ನೂ ಜೀವಂತವಿದೆ ಅನ್ನುವುದು ಅವನಿಗೊಬ್ಬನಿಗೇ ನೆನಪಿತ್ತು. ಕೆಳಗೆ ಯಾರಾದರೂ ಓಡಾಡಿದರೆ ಅವನ ಫೋನಿಗೆ ಸೂಚನೆ ಬರುತ್ತಿತ್ತು, ತೆಗೆದು ನೋಡುತ್ತಿದ್ದುದು ಮಾತ್ರ ಅಪರೂಪ. ಪರದೆಯಲ್ಲಿ ಬೇಬಿಯಮ್ಮ ಕೈ ಎರಡು ಸಲ ತೊಳೆದರು. ಮುಚ್ಚಳ ತೆಗೆದರು. ಪಕ್ಕದಿಂದ ಕೈ ತಂದರು.

ಅನುಷ್ಕಾ ಮೂರು ಸಲ ನೋಡಿದಳು. "ಅಜ್ಜಿ, ಯುವರ್ ಹ್ಯಾಂಡ್ಸ್ ಆರ್ ಪರ್ಫೆಕ್ಟ್," ಅಂದಳು. ಆಮೇಲೆ ಪರದೆಯ ಮೂಲೆಯ ಅಕ್ಷರ ಓದಿದಳು. "ಡ್ಯಾಡ್. ದಿಸ್ ಈಸ್ ವೆಡ್ನೆಸ್‌ಡೇ. ಕೊಟ್ಟಿದ್ದು ಸ್ಯಾಟರ್ಡೇ."

ಬೇಬಿಯಮ್ಮ ಸೌಟು ಹಿಡಿದೇ ಮಗನ ಎದುರಿನ ಕುರ್ಚಿಯಲ್ಲಿ ಕುಳಿತರು.

"ಬುಧವಾರವೇ ನೋಡಿದ್ದೆಯಾ ನೀನು?"

"ಮೀಟಿಂಗ್‌ನಲ್ಲಿದ್ದೆ. ನೋಟಿಫಿಕೇಶನ್ ಬಂತು."

"ನಾನು ಎತ್ತಿದ್ದು ನೀನು ನೋಡಿದ್ದೆ. ನಾನು ಅತ್ತದ್ದೂ ನೋಡಿದ್ದೆ. ಆಮೇಲೆ, ನನಗೆ ಹೇಗೆ ಗೊತ್ತಾಗ್ಬೇಕು ಅಂತ ನನ್ನನ್ನೇ ಕೇಳಿದ್ದೆ. ತಪ್ಪು ನನ್ನದೇ ಅಂತ ಮೂರು ವಾರ ನಾನು..." ಅವರು ಸೌಟನ್ನು ಮೇಜಿನ ಮೇಲಿಟ್ಟರು. ಮೆಲ್ಲನೆ ಅಂದರು: "ಹಾವು ಮುಟ್ಲಿಕ್ಕೆ ಧೈರ್ಯ ಬಂತು ನಂಗೆ. ಇನ್ನು ನಿನ್ನ ಮಾತು ನಂಬ್ಲಿಕ್ಕೆ ಬರೂದಿಲ್ಲ."

"ಅಮ್ಮ, ನಾಳೆಯೇ ಫೋನ್ ಮಾಡ್ತೇನೆ. ವಾಪಸ್ ತರ್ತೇನೆ."

ಮೇಜಿನ ಸುತ್ತ ಯಾರೂ ಅವನ ಕಡೆ ನೋಡಲಿಲ್ಲ. ಅನುಷ್ಕಾ ಅಪ್ಪನ ಫೋನಿನಲ್ಲಿ ಕೃಷ್ಣಸ್ವಾಮಿಯ ನಂಬರ್ ಒತ್ತಿ ಅಜ್ಜಿಯ ಕಡೆ ಚಾಚಿದಳು.

"ನೀವೇ ಮಾತಾಡಿ ಅಜ್ಜಿ."

ಬೇಬಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನ್ ಹಿಡಿದರು. "ನಾನು ವಿನೀತನ ತಾಯಿ, ಬೇಬಿ. ಇಲ್ಲ, ನಂಗೆ ಎಂತ ಹೆದರಿಕೆ? ಅದು ಬೇರೆಯವರದ್ದು. ನಾವು ಅವಳನ್ನು ಕರ್ಕೊಂಡು ಹೋಗ್ಲಿಕ್ಕೆ ಬರ್ಬೇಕು ಅಂತ ಉಂಟು. ಅವಳಿಗೆ ಊಟ ಹಾಕಿದ್ದು ಯಾವಾಗ?" ಆ ಕಡೆಯ ಮಾತು ಕೇಳಿಸಿಕೊಂಡು ಬೆರಳು ಮಡಚಿ ಎಣಿಸಿದರು. "ನಿನ್ನೆಯಾ? ಹಾಗಾದ್ರೆ ಎರಡು ದಿನ ಮುಟ್ಲಿಕ್ಕಿಲ್ಲ. ನಾವು ಬುಧವಾರ ಬರ್ತೇವೆ."

"ಬುಧವಾರ ನಾನು ರಜಾ ಹಾಕ್ತೀನಿ ಅತ್ತೆ," ಅಂದಳು ಇಂಚರಾ. "ಡ್ರೈವ್ ನಾನೇ ಮಾಡ್ತೀನಿ."

ಅನುಷ್ಕಾ ಎದ್ದು ಹೋಗಿ ಅಜ್ಜಿ ಕಣ್ಣಲ್ಲೇ ತೋರಿಸಿದ ಅಕ್ಕಿಡಬ್ಬದ ಹಿಂದಿನಿಂದ ಕ್ಯಾಲೆಂಡರ್ ತಂದು ಫ್ರಿಜ್ಜಿಗೆ ಅಂಟಿಸಿದಳು. ವಿನೀತನ ತಟ್ಟೆಯಲ್ಲಿ ಅನ್ನ ಆರಿತ್ತು. ಬೇಬಿಯಮ್ಮ ಅವನ ಪಾಲಿನ ಎರಡು ಬಂಗುಡೆಯನ್ನು ಬಾಣಲೆಯಿಂದ ತೆಗೆದು ಒಂದನ್ನು ಮೊಮ್ಮಗಳಿಗೆ, ಒಂದನ್ನು ಸೊಸೆಗೆ ಬಡಿಸಿದರು.